ತಾಲೀಮಿನ ಬದಲು ಮುಳ್ಳು

ಕನ್ನಡದ ಪತ್ರಿಕೆಗಳಲ್ಲಿ ಕಡಿವಾಣ ಬೀಳದ ದಿನವಿಲ್ಲ. ಬೆಲೆಯೇರಿಕೆಗೆ ಕಡಿವಾಣ, ಮರಳು ದಂಧೆಗೆ ಕಡಿವಾಣ, ದುಂದುವೆಚ್ಚಕ್ಕೆ ಕಡಿವಾಣ. ಅದು ಬೀಳದಿದ್ದರೆ ಎಲ್ಲವೂ ಲಂಗುಲಗಾಮಿಲ್ಲದೆ ಓಡುತ್ತದೆ. ಹೀಗೆ ಬರೆಯುವವರಲ್ಲಾಗಲಿ ಓದುವವರಲ್ಲಾಗಲಿ ಕಡಿವಾಣವನ್ನು ಕೈಯಲ್ಲಿ ಹಿಡಿದು ನೋಡಿದವರು ಈಗ ಕಡಿಮೆ. ಊರುಗಳಿಂದ ಜಟಕಾ ಮರೆಯಾದ ಮೇಲೆ ಆ ವಸ್ತುವೂ ಮರೆಯಾಯಿತು, ಮಾತು ಮಾತ್ರ ಉಳಿಯಿತು. ಮಾತಿನ ಜೊತೆಗೆ ಒಂದು ನಂಬಿಕೆಯೂ ಉಳಿದುಕೊಂಡಿದೆ: ಕುದುರೆ ಬಿಟ್ಟರೆ ಓಡಿಹೋಗುವ ಪ್ರಾಣಿ, ಅದನ್ನು ನಿಲ್ಲಿಸುವುದು ಬಾಯಿಗೆ ಹಾಕಿದ ಕಬ್ಬಿಣ.

ಆ ಕಬ್ಬಿಣ ಕೂರುವ ಜಾಗ ಯಾವುದು ಎಂದು ಮೊದಲು ನೋಡಬೇಕು. ಕುದುರೆಯ ಬಾಯಲ್ಲಿ ಮುಂದಿನ ಬಾಚಿಹಲ್ಲುಗಳಿಗೂ ಹಿಂದಿನ ದವಡೆಹಲ್ಲುಗಳಿಗೂ ನಡುವೆ ಹಲ್ಲಿಲ್ಲದ ಒಂದು ಖಾಲಿ ಜಾಗವಿದೆ. ಕಡಿವಾಣ ಅಲ್ಲಿ, ನಾಲಿಗೆಯ ಮೇಲೆ ಹಾದು ಒಸಡಿನ ಮೇಲೆ ಒರಗಿರುತ್ತದೆ. ಅಲ್ಲಿ ಎಲುಬಿನ ಮೇಲೆ ತೆಳ್ಳಗಿನ ಪದರ ಬಿಟ್ಟರೆ ಮಾಂಸವೇ ಇಲ್ಲ. ಕತ್ತಲಲ್ಲಿ ಮಂಚದ ಅಂಚಿಗೆ ಮುಂಗಾಲಿನ ಎಲುಬು ತಾಗಿಸಿಕೊಂಡವರಿಗೆ ಈ ಬಗೆಯ ಜಾಗ ಹೇಗಿರುತ್ತದೆಂದು ಗೊತ್ತು. ನಯವಾದ ಕಡಿವಾಣ, ಹಗುರವಾದ ಕೈ ಇದ್ದರೆ ಆ ಜಾಗದಲ್ಲಿ ಬೆರಳಿನ ಒಂದು ಮಿಡಿತವೂ ಕುದುರೆಗೆ ಮಾತಾಗಿ ತಲುಪುತ್ತದೆ. ಅದೇ ಕಡಿವಾಣಕ್ಕೆ ಮುಳ್ಳು ಮೂಡಿಸಿದರೆ?

ಮುಳ್ಳಿನ ಕಡಿವಾಣ ಕಲ್ಪನೆಯಲ್ಲ. ದೆಹಲಿಯ ಮದುವೆ ಮೆರವಣಿಗೆಗಳಲ್ಲಿ ಅದು ಇವತ್ತಿಗೂ ಸಿಗುತ್ತದೆ. ಕನ್ನಡದ ಮನೆಗಳಲ್ಲಿ ಉತ್ಥಾನ ದ್ವಾದಶಿಗೆ ತುಳಸಿ ಮದುವೆ ನಡೆಯುತ್ತದಲ್ಲ, ಅದರ ಹಿಂದಿನ ದಿನ ಉತ್ತರದಲ್ಲಿ ದೇವ್ ಉಠನೀ ಏಕಾದಶಿ. ನಾಲ್ಕು ತಿಂಗಳು ಮಲಗಿದ್ದ ದೇವರು ಎದ್ದ ಮೇಲೆ ಮದುವೆಗಳೂ ಏಳುತ್ತವೆ. ಛತ್ತರ್‌ಪುರದ ಫಾರ್ಮ್‌ಹೌಸ್‌ಗಳಿಂದ ಹಿಡಿದು ನೋಯ್ಡಾ, ಗಾಜಿಯಾಬಾದಿನ ಬ್ಯಾಂಕ್ವೆಟ್ ಹಾಲುಗಳವರೆಗೆ ಎಲ್ಲೆಲ್ಲೂ ಬಾರಾತ್. ವರ ಏರುವುದು ಬಿಳಿ ಹೆಣ್ಣುಕುದುರೆಯನ್ನು, ಅದಕ್ಕೆ ಘೋಡಿ ಎಂದೇ ಹೆಸರು. ಅವನ ಮುಂದೆ ಸಿಂಗರಿಸಿಕೊಂಡ ಒಬ್ಬ ಪುಟ್ಟ ಹುಡುಗನನ್ನೂ ಕೂರಿಸುತ್ತಾರೆ. ಮುಂದೆ ಢೋಲ್, ಹಿತ್ತಾಳೆ ಬ್ಯಾಂಡು, ಕುಣಿಯುವ ನೆಂಟರು. ಹಿಂದೆ ಜನರೇಟರ್ ಗಾಡಿ. ಎರಡು ಬದಿಗೂ ಕಣ್ಣು ಕೋರೈಸುವ ದೀಪ. ನಡುನಡುವೆ ಪಟಾಕಿ.

ಇದರ ನಡುವೆ ಕುದುರೆ ಏನನ್ನು ನೋಡುತ್ತಿರುತ್ತದೆ? ಅದರ ಕಣ್ಣುಗಳು ತಲೆಯ ಎರಡು ಬದಿಗಿವೆ. ಸುತ್ತಲಿನ ಬಹುತೇಕ ಎಲ್ಲವೂ ಅದಕ್ಕೆ ಒಟ್ಟಿಗೇ ಕಾಣುತ್ತದೆ. ಕಾಣದಿರುವುದು ಎರಡೇ ಜಾಗ: ಹಣೆಯ ನೇರ ಮುಂದೆ ಮತ್ತು ಬಾಲದ ನೇರ ಹಿಂದೆ. ಹುಲ್ಲುಗಾವಲಿನಲ್ಲಿ ಬೇಟೆಗೆ ಸಿಗದಂತೆ ಬದುಕಿ ಬಂದ ಜೀವಕ್ಕೆ ಗೊತ್ತಿರುವ ರಕ್ಷಣೆ ಒಂದೇ, ಓಡುವುದು. ಬಾರಾತಿನಲ್ಲಿ ಹಣೆಯ ಮುಂದೆ ಯಾರೋ ಕುಣಿಯುತ್ತಿದ್ದಾರೆ, ಬಾಲದ ಹಿಂದೆ ಏನೋ ಗುಡುಗುತ್ತಿದೆ, ಓಡುವ ದಾರಿ ಮುಚ್ಚಿದೆ. ಆದರೂ ಕುದುರೆ ನಿಂತಿದೆ. ಎಷ್ಟು ಸಾಧು ಪ್ರಾಣಿ ಎಂದು ನೆಂಟರು ಮೆಚ್ಚುತ್ತಾರೆ. ಏನು ಮಾಡಿದರೂ ನೋವು ತಪ್ಪದು ಎಂದು ಕಲಿತ ಪ್ರಾಣಿ ಕೊನೆಗೆ ಏನೂ ಮಾಡದೆ ನಿಲ್ಲುತ್ತದೆ. ಹೊರಗಿನಿಂದ ನೋಡುವವರಿಗೆ ಸಾಧುತನಕ್ಕೂ ಸೋಲಿಗೂ ವ್ಯತ್ಯಾಸ ಕಾಣುವುದಿಲ್ಲ.

ಘೋಡಿ ಸಾಕುವವನನ್ನು ರಾಕ್ಷಸನನ್ನಾಗಿ ಮಾಡುವುದು ಸುಲಭ, ಆದರೆ ಅನ್ಯಾಯ. ಅವನ ದುಡಿಮೆ ವರ್ಷದಲ್ಲಿ ಕೆಲವೇ ಲಗ್ನದ ದಿನಗಳದ್ದು. ಕುದುರೆ ಬೆದರಿ ಜನರ ನಡುವೆ ನುಗ್ಗಿದರೆ, ಬೆನ್ನ ಮೇಲಿನ ಮಗು ಬಿದ್ದರೆ, ಅವನ ಬದುಕು ಅಲ್ಲಿಗೆ ಮುಗಿಯಿತು. ಮುಳ್ಳನ್ನು ಅವನು ಹಿಂಸೆ ಎಂದಲ್ಲ, ಸುರಕ್ಷತೆ ಎಂದು ಹಾಕುತ್ತಾನೆ. ಲೆಕ್ಕ ತಪ್ಪಿರುವುದು ಇಲ್ಲಿಯೇ. ಹೆದರಿದ ಪ್ರಾಣಿಗೆ ನೋವು ಕೊಟ್ಟರೆ ಹೆದರಿಕೆ ಇಳಿಯುವುದಿಲ್ಲ. ಪಟಾಕಿ ಸಿಡಿದಾಗಲೆಲ್ಲ ಬಾಯಿಯೂ ಹರಿಯುತ್ತದೆ ಎಂದಾದರೆ ಮುಂದಿನ ಪಟಾಕಿಗೆ ಅದು ಎರಡರಷ್ಟು ಹೆದರುತ್ತದೆ. ಆಗ ಇನ್ನೂ ಗಟ್ಟಿಯಾದ ಕೈ ಬೇಕಾಗುತ್ತದೆ.

ಕಾನೂನು ಏನು ಹೇಳುತ್ತದೆ ಎಂದರೆ, ಅದು ಬಹಳ ಹಿಂದೆಯೇ ಹೇಳಿ ಮುಗಿಸಿದೆ. ರಾಜ್ಯಸಭೆಯಲ್ಲಿ ರುಕ್ಮಿಣಿದೇವಿ ಅರುಂಡೇಲ್ ಅವರ ಪ್ರಯತ್ನದ ಫಲವಾಗಿ 1960ರಲ್ಲಿ ಪ್ರಾಣಿಹಿಂಸೆ ತಡೆ ಕಾಯ್ದೆ ಬಂತು. ಗಾಡಿ ಎಳೆಯುವ, ಹೊರೆ ಹೊರುವ ಪ್ರಾಣಿಗಳಿಗಾಗಿ ಅದರಡಿ 1965ರಲ್ಲಿ ರೂಪಿಸಿದ ನಿಯಮಗಳು ಮುಳ್ಳು, ಗುಬುಟು ಇರುವ ಕಡಿವಾಣವನ್ನು ಸ್ಪಷ್ಟವಾಗಿ ನಿಷೇಧಿಸಿವೆ. ಆದರೆ ಮೂಲ ಕಾಯ್ದೆಯಲ್ಲಿ ಹಿಂಸೆಯ ಮೊದಲ ತಪ್ಪಿಗೆ ಇಟ್ಟಿರುವ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ದಂಡ ಹೆಚ್ಚಿಸುವ ತಿದ್ದುಪಡಿಯ ಕರಡನ್ನು ಕೇಂದ್ರ ಸರ್ಕಾರ 2022ರ ನವೆಂಬರಿನಲ್ಲಿ ಸಾರ್ವಜನಿಕರ ಮುಂದಿಟ್ಟಿತ್ತು. ಪ್ರಾಣಿದಯಾ ಸಂಘಟನೆಗಳು ಪೊಲೀಸರ ಜೊತೆ ಸೇರಿ ದೆಹಲಿಯಲ್ಲಿ ಮುಳ್ಳಿನ ಕಡಿವಾಣಗಳನ್ನು ವಶಪಡಿಸಿಕೊಂಡಿವೆ, ಬದಲಿಗೆ ನಯವಾದವನ್ನು ಹಂಚಿಯೂ ಇವೆ. ಒಳ್ಳೆಯ ಕೆಲಸ. ಆದರೆ ಮುಳ್ಳು ಕಿತ್ತುಕೊಂಡ ಮೇಲೂ ಆ ಕುದುರೆ ಮುಂದಿನ ವಾರ ಅದೇ ಪಟಾಕಿಯ ನಡುವೆ ನಿಲ್ಲಬೇಕು. ಅದಕ್ಕೆ ನಿಲ್ಲುವುದನ್ನು ಕಲಿಸಿದವರು ಯಾರು?

ಈ ಪ್ರಶ್ನೆಗೆ ಉತ್ತರ ಮೈಸೂರಿನವರಿಗೆ ಗೊತ್ತು. ದಸರಾದ ಜಂಬೂಸವಾರಿಯ ದಿನ 21 ಕುಶಾಲತೋಪು ಹಾರುತ್ತವೆ. ಅದಕ್ಕೆ ಮೊದಲೇ ಆನೆಗಳನ್ನೂ ಪೊಲೀಸ್ ಅಶ್ವಾರೋಹಿ ದಳದ ಕುದುರೆಗಳನ್ನೂ ಮೈದಾನಕ್ಕೆ ಕರೆತಂದು, ಫಿರಂಗಿ ಹಾರಿಸಿ, ಸದ್ದಿಗೆ ಒಗ್ಗಿಸುತ್ತಾರೆ. ಒಂದು ಸಲವಲ್ಲ, ಬೇರೆ ಬೇರೆ ದಿನ ಹಲವು ಸಲ. ಮೊದಲ ದಿನ ಬೆಚ್ಚಿ ಹಿಂದೆ ಸರಿಯುವ ಪ್ರಾಣಿಗಳ ಚಿತ್ರ ಮರುದಿನದ ಪತ್ರಿಕೆಯಲ್ಲಿ ಬರುತ್ತದೆ. ಕೊನೆಯ ತಾಲೀಮಿನ ಹೊತ್ತಿಗೆ ಚಿತ್ರ ತೆಗೆಯುವಂಥದ್ದು ಹೆಚ್ಚೇನೂ ಇರುವುದಿಲ್ಲ. ಪಕ್ಕದಲ್ಲಿ ಮಾವುತನಿರುತ್ತಾನೆ, ಸವಾರನಿರುತ್ತಾನೆ, ಸದ್ದಿನ ಆಚೆ ಏನೂ ಕೆಟ್ಟದ್ದು ಆಗುವುದಿಲ್ಲ ಎಂಬುದು ಪ್ರಾಣಿಗೆ ಮತ್ತೆ ಮತ್ತೆ ಖಾತ್ರಿಯಾಗುತ್ತದೆ. ಇದರಲ್ಲಿ ಮಾಯಮಂತ್ರವಿಲ್ಲ. ದಿನಗಳು ಬೇಕು, ಮದ್ದು ಬೇಕು, ತಾಳ್ಮೆಯ ಜನ ಬೇಕು, ಅಂದರೆ ದುಡ್ಡು ಬೇಕು. ಘೋಡಿಯ ಬಾಯಲ್ಲಿರುವ ಮುಳ್ಳು, ನಡೆಯದೇ ಹೋದ ಆ ತಾಲೀಮಿನ ಜಾಗದಲ್ಲಿ ಕೂತಿದೆ.

ದೆಹಲಿಗೂ ಈ ವಿದ್ಯೆ ಹೊಸದಲ್ಲ. ಗಣರಾಜ್ಯೋತ್ಸವದಲ್ಲಿ ಹಾರುವುದೂ 21 ತೋಪು. ರಾಷ್ಟ್ರಪತಿಯವರ ಅಂಗರಕ್ಷಕ ದಳ 1773ರಲ್ಲಿ ವಾರನ್ ಹೇಸ್ಟಿಂಗ್ಸ್ ಕಾಲದಲ್ಲಿ ಹುಟ್ಟಿದ್ದು. ಅದರ ಕಮಾಂಡೆಂಟರ ಕುದುರೆ ವಿರಾಟ್ ಹದಿಮೂರು ಗಣರಾಜ್ಯೋತ್ಸವದ ಮೆರವಣಿಗೆಗಳಲ್ಲಿ ಹೆಜ್ಜೆ ಹಾಕಿತು. ತೋಪು, ಬ್ಯಾಂಡು, ತಲೆಯ ಮೇಲೆ ಹಾರುವ ವಿಮಾನ ಯಾವುದಕ್ಕೂ ಅದು ತಾಳ ತಪ್ಪಲಿಲ್ಲ. 2022ರ ಜನವರಿಯಲ್ಲಿ ಭೂಸೇನಾ ಮುಖ್ಯಸ್ಥರ ಪ್ರಶಂಸಾಪತ್ರ ಪಡೆದು, ಅದೇ 26ರಂದು ನಿವೃತ್ತಿಯಾಯಿತು. ಆ ದಿನ ರಾಷ್ಟ್ರಪತಿ, ಪ್ರಧಾನಿ, ರಕ್ಷಣಾ ಸಚಿವರು ಅದರ ಮೈದಡವಿದ ದೃಶ್ಯವನ್ನು ದೇಶವೇ ನೋಡಿತು. ವಿರಾಟ್ ಆ ದಳವನ್ನು ಸೇರಿದ್ದು 2003ರಲ್ಲಿ. ಇದನ್ನು ನೆನಪಿಟ್ಟರೆ ಆ ನೆಮ್ಮದಿಯ ಹಿಂದೆ ಎಷ್ಟು ವರ್ಷಗಳಿದ್ದವು ಎಂಬ ಅಂದಾಜು ಸಿಗುತ್ತದೆ. ಅದೇ ವಾರ, ಅದೇ ನಗರದಲ್ಲಿ, ಎಷ್ಟು ಘೋಡಿಗಳ ಬಾಯಲ್ಲಿ ರಕ್ತವಿತ್ತು ಎಂಬುದನ್ನು ಯಾರೂ ಎಣಿಸಲಿಲ್ಲ.

ಕುದುರೆಗೂ ಸವಾರನಿಗೂ ನಡುವಿನ ನಂಬಿಕೆಯ ಬಗ್ಗೆ ಈಗ ಬಹಳ ಮಾತು ಕೇಳಿಸುತ್ತದೆ. ಗುರುಗ್ರಾಮ, ನೋಯ್ಡಾ, ಫರೀದಾಬಾದ್ ಸುತ್ತಮುತ್ತ ಸವಾರಿ ಶಾಲೆಗಳು ಹೆಚ್ಚಿವೆ. ಅವುಗಳಲ್ಲಿ ಹಲವು ತಾವು ಪ್ರೀತಿಯಿಂದ ಪಳಗಿಸುತ್ತೇವೆ ಎಂದು ಹೇಳಿಕೊಳ್ಳುತ್ತವೆ. ಹೇಳಿಕೊಳ್ಳುವುದೇ ಒಂದು ಮುನ್ನಡೆ ಎನ್ನೋಣ. ಆದರೆ ಪ್ರೀತಿ, ನಂಬಿಕೆ ಎಂಬ ಮಾತುಗಳನ್ನು ಕುದುರೆಯ ಪಕ್ಕದಲ್ಲಿ ಇಡುವಾಗ ಸ್ವಲ್ಪ ಜಾಗ್ರತೆ ಬೇಕು.

ಇಪ್ಪತ್ತನೆಯ ಶತಮಾನದ ಕೊನೆಗೆ ಅಮೆರಿಕದಿಂದ ಹಬ್ಬಿದ ಒಂದು ವಿಧಾನವಿದೆ. ದುಂಡನೆಯ ಬೇಲಿಯೊಳಗೆ ಕುದುರೆಯನ್ನು ಸುತ್ತು ಹೊಡೆಸುತ್ತಾ, ಅದು ತಲೆ ತಗ್ಗಿಸಿ ಒಪ್ಪಿಗೆಯ ಲಕ್ಷಣ ತೋರಿದ ಕೂಡಲೇ ಬೆನ್ನಟ್ಟುವುದನ್ನು ನಿಲ್ಲಿಸಿ ತಿರುಗಿ ನಿಲ್ಲುವುದು. ಕುದುರೆ ತಾನಾಗಿ ಮನುಷ್ಯನ ಬಳಿ ಬಂದು, ಅವನ ಹಿಂದೆಯೇ ನಡೆಯತೊಡಗುತ್ತದೆ. ನೋಡಿದವರ ಕಣ್ಣಲ್ಲಿ ನೀರು ಬರುತ್ತದೆ. 2012ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದ ಸಂಶೋಧಕರು ಮನುಷ್ಯನ ಜಾಗದಲ್ಲಿ ರಿಮೋಟಿನಿಂದ ಓಡುವ ಆಟಿಕೆ ಕಾರನ್ನು ಇಟ್ಟು ಇದೇ ಕೆಲಸ ಮಾಡಿಸಿದರು. ಅಟ್ಟುವುದು, ಸರಿಯಾದ ಕ್ಷಣಕ್ಕೆ ನಿಲ್ಲಿಸುವುದು. ಕುದುರೆಗಳು ಕಾರಿನ ಹಿಂದೆಯೂ ಹೋದವು. ಕಾರಿನ ಮೇಲೆ ಅವಕ್ಕೆ ಪ್ರೀತಿ ಹುಟ್ಟಿತು ಎಂದು ಯಾರೂ ಹೇಳಲಾರರು. ಹೆದರಿಕೆ ನಿಂತಾಗ ಸಿಗುವ ನಿರಾಳವನ್ನು ಕೊಟ್ಟದ್ದು ಅದೇ, ಹಾಗಾಗಿ ಅದರ ಬಳಿ ಬಂದವು.

ಈ ಪ್ರಯೋಗ ಕೇಳಿ ಕುದುರೆ ಬರೀ ಯಂತ್ರ ಎಂದುಕೊಳ್ಳುವುದೂ ತಪ್ಪು. ಸಸೆಕ್ಸ್ ವಿಶ್ವವಿದ್ಯಾಲಯದ ತಂಡ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಿಟ್ಟಿನ ಮುಖದ ಫೋಟೊ ತೋರಿಸಿದಾಗ ಕುದುರೆಗಳ ಎದೆಬಡಿತ ಬೇಗ ಏರಿತು. ಅದೇ ವರ್ಷ ನಾರ್ವೆಯಲ್ಲಿ 23 ಕುದುರೆಗಳು ಹಲಗೆಯ ಮೇಲಿನ ಗುರುತುಗಳನ್ನು ಮೂತಿಯಿಂದ ಮುಟ್ಟಿ ತಮಗೆ ಕಂಬಳಿ ಹೊದಿಸಬೇಕೋ, ತೆಗೆಯಬೇಕೋ, ಇದ್ದಂತೆಯೇ ಇರಲೋ ಎಂದು ಹೇಳುವುದನ್ನು ಕಲಿತವು. ಎರಡು ವಾರದಲ್ಲಿ ಕಲಿತವು, ಚಳಿಮಳೆಗೆ ತಕ್ಕಂತೆ ಉತ್ತರ ಬದಲಿಸಿದವು. ಅದಕ್ಕೂ ನೂರು ವರ್ಷ ಹಿಂದೆ ಬರ್ಲಿನ್ನಿನಲ್ಲಿ ಲೆಕ್ಕ ಮಾಡುವ ಕುದುರೆ ಎಂದು ಹೆಸರಾಗಿದ್ದ ಹಾನ್ಸ್ ಗೊರಸು ಕುಟ್ಟಿ ಉತ್ತರ ಹೇಳುತ್ತಿತ್ತು. 1907ರಲ್ಲಿ ಆಸ್ಕರ್ ಫುಂಗ್ಸ್ಟ್ ಕಂಡುಹಿಡಿದದ್ದು, ಹಾನ್ಸ್‌ಗೆ ಲೆಕ್ಕ ಬರುವುದಿಲ್ಲ, ಆದರೆ ಪ್ರಶ್ನೆ ಕೇಳಿದವರ ಮುಖದಲ್ಲಿ, ಭುಜದಲ್ಲಿ ಅವರಿಗೇ ತಿಳಿಯದೆ ಆಗುವ ಕೂದಲೆಳೆಯ ಬದಲಾವಣೆ ಅದಕ್ಕೆ ಕಾಣುತ್ತದೆ ಎಂದು. ಜನ ಇದನ್ನು ಹಾನ್ಸ್‌ನ ಸೋಲು ಎಂದುಕೊಂಡರು. ಲೆಕ್ಕಕ್ಕಿಂತ ಇದು ದೊಡ್ಡ ವಿದ್ಯೆ.

ಹಾಗಾದರೆ ಕುದುರೆಯ ನಂಬಿಕೆ ಎಂದರೆ ಏನು? ಎದುರಿನ ಮನುಷ್ಯ ಮುಂದೆ ಏನು ಮಾಡುತ್ತಾನೆಂದು ಅದಕ್ಕೆ ಗೊತ್ತಿರುವುದು. ಸವಾರಿಯ ಭಾಷೆ ಬಹುಪಾಲು ಒತ್ತಡದ ಭಾಷೆ: ಕಾಲಿನಿಂದ ಪಕ್ಕೆ ಒತ್ತಿದರೆ ಮುಂದೆ ಹೋಗು, ಲಗಾಮು ಬಿಗಿಯಾದರೆ ನಿಲ್ಲು. ಆದರೆ ಕುದುರೆ ಕಲಿಯುವುದು ಒತ್ತಿದಾಗ ಅಲ್ಲ, ಬಿಟ್ಟಾಗ. ಕೇಳಿದ್ದನ್ನು ಮಾಡಿದ ಆ ಕ್ಷಣಕ್ಕೇ ಒತ್ತಡ ಹೋದರೆ, ಇದೇ ಉತ್ತರ ಎಂದು ಅದಕ್ಕೆ ತಿಳಿಯುತ್ತದೆ. ಬಿಡುವುದು ತಡವಾದರೆ ಉತ್ತರ ಯಾವುದೆಂದು ತಿಳಿಯದೆ ಗಲಿಬಿಲಿಯಾಗುತ್ತದೆ. ಬಿಡದೆಯೇ ಹೋದರೆ ಉತ್ತರ ಹುಡುಕುವುದನ್ನೇ ನಿಲ್ಲಿಸುತ್ತದೆ. ದಯೆ ಇರಬೇಕಾದ ಜಾಗ ಸವಾರನ ಬೆರಳಿನ ಸಂದು. ಮನಸ್ಸಿನಲ್ಲಿ ಎಷ್ಟೇ ಮಮತೆ ಇದ್ದರೂ ಕೈ ತಡವಾಗಿ ಬಿಟ್ಟರೆ ಕುದುರೆಯ ಪಾಲಿಗೆ ಅದು ಹಿಂಸೆಯೇ. ಗ್ರೀಸಿನ ಕ್ಸೆನೊಫನ್ ಸುಮಾರು 2,400 ವರ್ಷಗಳ ಹಿಂದೆಯೇ ಕುದುರೆಯ ಬಳಿಗೆ ಸಿಟ್ಟಿನಲ್ಲಿ ಹೋಗಲೇಬಾರದು ಎಂದು ಬರೆದದ್ದು ನೀತಿಬೋಧೆಗಿಂತ ಕಸುಬಿನ ಸೂಚನೆ. ಸಿಟ್ಟಾದ ಕೈ ಸರಿಯಾದ ಕ್ಷಣಕ್ಕೆ ಬಿಡಲಾರದು.

ಈಗ ದೆಹಲಿ ಸುತ್ತಲಿನ ಒಂದು ಸಾಮಾನ್ಯ ಸವಾರಿ ಶಾಲೆಯ ಬೆಳಗನ್ನು ಊಹಿಸಿಕೊಳ್ಳಬಹುದು. ಬೇಸಿಗೆಯಾದರೆ ಬಿಸಿಲು ಏರುವ ಮೊದಲು ಎಲ್ಲ ಮುಗಿಯಬೇಕು, ಚಳಿಗಾಲವಾದರೆ ಹೊಗೆ ತುಸು ಕರಗುವವರೆಗೆ ಕಾಯಬೇಕು. ಕುದುರೆ ಮೂಗಿನಿಂದ ಮಾತ್ರ ಉಸಿರಾಡುವ ಪ್ರಾಣಿ, ಬಾಯಿಯಿಂದ ಅದಕ್ಕೆ ಆಗದು. ನವೆಂಬರಿನ ದೆಹಲಿಯಲ್ಲಿ ಮಕ್ಕಳಿಗೆ ಶಾಲೆಗೆ ರಜೆ ಕೊಟ್ಟ ದಿನಗಳಲ್ಲಿ ಅವಕ್ಕೂ ರಜೆ ಸಿಗಬೇಕು. ಅಪ್ಪ ಅಮ್ಮ ಕಾರಿನಿಂದ ಇಳಿಸಿದ ಮಗು ಹೆಲ್ಮೆಟ್ ಹಾಕಿಕೊಳ್ಳುವ ಹೊತ್ತಿಗೆ ಜೀನು ಬಿಗಿದ ಕುದುರೆ ತಯಾರಾಗಿ ನಿಂತಿರುತ್ತದೆ. ಮಗು ಹತ್ತುತ್ತದೆ, ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ಸುತ್ತುತ್ತದೆ, ಇಳಿಯುತ್ತದೆ, ಫೋಟೊ, ಕಾರು. ಮುಂದಿನ ಮಗು ಬರುತ್ತದೆ.

ಹೊಸದಾಗಿ ಕಲಿಯುವವರೆಲ್ಲ ಮಾಡುವ ತಪ್ಪು ಒಂದೇ: ಬೀಳುವ ಭಯಕ್ಕೆ ಲಗಾಮನ್ನು ಹಿಡಿಕೆ ಎಂದುಕೊಂಡು ಜೋತುಬೀಳುವುದು, ಅದೇ ಹೊತ್ತಿಗೆ ಹಿಮ್ಮಡಿಯಿಂದ ತಿವಿಯುವುದು. ಕಾಲು ಹೋಗು ಎನ್ನುತ್ತದೆ, ಕೈ ನಿಲ್ಲು ಎನ್ನುತ್ತದೆ. ಇಂಥ ಹಲವು ಜೋಡಿ ಕೈಕಾಲುಗಳನ್ನು ದಿನವೂ ಹೊರುವ ಕುದುರೆಯ ಬಾಯಿ ಜಡವಾಗುತ್ತದೆ, ಪಕ್ಕೆ ಮರಗಟ್ಟುತ್ತದೆ. ಆಮೇಲೆ ಅದಕ್ಕೆ ಮೊಂಡು ಕುದುರೆ ಎಂಬ ಬಿರುದು ಸಿಗುತ್ತದೆ. ಶಿಕ್ಷಕ ಮಗುವಿನ ಕೈಗೆ ಚಾಟಿ ಕೊಡುತ್ತಾನೆ. ಘೋಡಿಯ ಬಾಯಿಗೆ ಮುಳ್ಳು ಬಂದ ದಾರಿಯೂ ಇದೇ. ಇಲ್ಲಿ ಅದು ಇಂಗ್ಲಿಷ್ ಮಾತಾಡುತ್ತದೆ, ಅಷ್ಟೇ.

ಇದಕ್ಕೆ ಇನ್ನೊಂದು ತೊಡಕು ಸೇರಿದೆ. ದೇಶದ ಹಲವು ಸವಾರಿ ಶಾಲೆಗಳ ಕುದುರೆಗಳು ರೇಸಿನಿಂದ ಹೊರಬಿದ್ದ ಥರೋಬ್ರೆಡ್‌ಗಳು. ಬೆಂಗಳೂರಿನಲ್ಲೂ ಹಾಗೆ, ದೆಹಲಿಯಲ್ಲೂ ಹಾಗೆ. ರೇಸಿನಲ್ಲಿ ಜಾಕಿ ಲಗಾಮು ಬಿಗಿಹಿಡಿದರೆ ಕುದುರೆ ಅದಕ್ಕೆ ಆತುಕೊಂಡು ಓಡುತ್ತದೆ. ಆ ಪಾಠ ಕಲಿತ ಕುದುರೆಯ ಮೇಲೆ ಹೆದರಿದ ಮಗು ಲಗಾಮು ಎಳೆದರೆ ಕುದುರೆಗೆ ಕೇಳಿಸುವುದು ಓಡು ಎಂದೇ. ಹಳೆಯ ಪಾಠ ಬಿಡಿಸಿ ಹೊಸದನ್ನು ಕಲಿಸಲು ತಿಂಗಳುಗಟ್ಟಲೆ ಬೇಕು, ಆ ತಿಂಗಳುಗಳಲ್ಲಿ ಕುದುರೆಯಿಂದ ಆದಾಯವಿಲ್ಲ. ಎಷ್ಟು ಶಾಲೆಗಳು ಕಾಯುತ್ತವೆ?

ಭಾನುವಾರ ಬೆಲ್ಲ, ಕ್ಯಾರೆಟ್ ತಂದು ತಿನ್ನಿಸುವ ಕುಟುಂಬಗಳ ಪ್ರೀತಿ ಸುಳ್ಳಲ್ಲ. ಆದರೆ ಕುದುರೆಗೆ ಬೇಕಾದದ್ದು ಬೇರೆ. ಬಿಟ್ಟರೆ ದಿನಕ್ಕೆ ಹದಿನಾರು ಗಂಟೆಯವರೆಗೂ ಮೇಯುವ ಪ್ರಾಣಿ ಅದು. ಅದರ ಹೊಟ್ಟೆಯಲ್ಲಿ ಆಮ್ಲ ಒಂದೇ ಸಮ ಸುರಿಯುತ್ತಿರುತ್ತದೆ. ಎರಡು ಹೊತ್ತು ಹುರುಳಿ, ಕಡಲೆ, ಹೊಟ್ಟು ಹಾಕಿ ನಡುವೆ ಹುಲ್ಲಿಲ್ಲದೆ ಕಟ್ಟಿದರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ. ಜೊತೆಗೆ ಇನ್ನೊಂದು ಕುದುರೆ ಬೇಕು, ಓಡಾಡಲು ಬಯಲು ಬೇಕು. ಗುರುಗ್ರಾಮದಲ್ಲಿ ಒಂದು ಎಕರೆಯ ಬೆಲೆ ಗೊತ್ತಿದ್ದವರಿಗೆ ಬಯಲು ಯಾಕಿಲ್ಲ ಎಂದು ಬಿಡಿಸಿ ಹೇಳಬೇಕಿಲ್ಲ. ದಿನದ ಬಹುಪಾಲು ಲಾಯದ ನಾಲ್ಕು ಗೋಡೆ ನೋಡುತ್ತಾ ನಿಂತು, ಹಸಿದ ಹೊಟ್ಟೆ ಉರಿಯುತ್ತಿರುವ ಕುದುರೆ ಜೀನು ಬಿಗಿಯುವಾಗ ಕಚ್ಚಲು ಬಂದರೆ ಅದರ ಸ್ವಭಾವವನ್ನು ದೂರುವುದು ಯಾವ ನ್ಯಾಯ?

ಲಾಯದಲ್ಲಿ ಆ ಕುದುರೆಗೆ ಗೊತ್ತಿರುವ ಒಬ್ಬನೇ ಮನುಷ್ಯನೆಂದರೆ ಸಯೀಸ್. ಮೇವು ಹಾಕುವವನು, ಮೈ ಉಜ್ಜುವವನು, ಗೊರಸಿನ ಸಂದಿಯ ಕಲ್ಲು ತೆಗೆಯುವವನು, ರಾತ್ರಿ ಹೊಟ್ಟೆನೋವು ಬಂದರೆ ನಡೆಸುತ್ತಾ ಎಚ್ಚರವಿರುವವನು. ಕುದುರೆಯ ಕಿವಿ ಯಾವ ಕಡೆ ತಿರುಗಿದರೆ ಏನರ್ಥ ಎಂದು ಅವನಿಗೆ ಗೊತ್ತು. ಸವಾರಿ ಶಾಲೆಯ ಕರಪತ್ರಗಳಲ್ಲಿ ಅವನ ಹೆಸರಿರುವುದಿಲ್ಲ. ಮಗು ಅವನನ್ನು ಭಯ್ಯಾ ಎನ್ನುತ್ತದೆ, ಲಗಾಮು ಅವನ ಕೈಯಿಂದ ಇಸಿದುಕೊಳ್ಳುತ್ತದೆ, ಇಳಿದ ಮೇಲೆ ಅವನ ಕೈಗೇ ಎಸೆಯುತ್ತದೆ. ಕುದುರೆಯ ನಂಬಿಕೆಯ ಬಗ್ಗೆ ಮಾತಾಡುವವರು ಸಯೀಸನ ಸಂಬಳದ ಬಗ್ಗೆ ಮಾತಾಡದಿದ್ದರೆ ಆ ಮಾತು ಪೊಳ್ಳು. ಕಡಿಮೆ ಕೂಲಿಗೆ ಬಂದು ಆರು ತಿಂಗಳಿಗೆ ಬಿಟ್ಟುಹೋಗುವ ಸಯೀಸರ ಲಾಯದಲ್ಲಿ ಕುದುರೆ ಯಾರನ್ನು ನಂಬಬೇಕು? ಅಶ್ವದಳಗಳಲ್ಲಿ ಹಾಗಲ್ಲ. ಸವಾರನೇ ತನ್ನ ಕುದುರೆಯ ಮೈ ಉಜ್ಜುತ್ತಾನೆ, ಕುದುರೆಯ ಮೇವು ನೀರು ಮುಗಿದ ಮೇಲೆ ಅವನ ಊಟ. ವಿರಾಟ್‌ನಂಥ ಕುದುರೆಗಳ ಗುಟ್ಟು ಮೆರವಣಿಗೆಯ ಬೀದಿಯಲ್ಲಿಲ್ಲ, ಮುಂಜಾವಿನ ಆ ಮಾಲೀಶಿನಲ್ಲಿದೆ.

ಈ ದೇಶದ ಕತೆಗಳಿಗೆ ಇದು ಗೊತ್ತಿತ್ತು. ನಳನಿಗೆ ಇದ್ದ ವಿದ್ಯೆಯ ಹೆಸರೇ ಅಶ್ವಹೃದಯ, ಕನಕದಾಸರ ನಳಚರಿತ್ರೆಯಿಂದ ಕನ್ನಡದವರಿಗೆ ಪರಿಚಿತವಾದ ಕತೆ. ರೂಪಗೆಟ್ಟು ಬಾಹುಕನಾದ ನಳ ಋತುಪರ್ಣನ ಲಾಯದಲ್ಲಿ ಸೇರಿಕೊಳ್ಳುವುದು ಕುದುರೆ ನೋಡಿಕೊಳ್ಳುವ ಆಳಾಗಿ, ಅಂದರೆ ಸಯೀಸನಾಗಿ. ಮಹಾಭಾರತದಲ್ಲಿ ಬರುವಂತೆ, ವಿದರ್ಭಕ್ಕೆ ಹೊರಟಾಗ ಅವನು ಆರಿಸಿದ ಕುದುರೆಗಳು ಬಡಕಲಾಗಿವೆ ಎಂದು ರಾಜನಿಗೆ ಅನುಮಾನ. ರಾಜ ರಥ ಹತ್ತಿದ ಕೂಡಲೇ ಅವು ಮೊಣಕಾಲೂರಿ ಕುಸಿಯುತ್ತವೆ. ನಳ ಚಾಟಿ ಎತ್ತುವುದಿಲ್ಲ, ಸಮಾಧಾನಪಡಿಸಿ ಎಬ್ಬಿಸುತ್ತಾನೆ. ರಥ ಕುಂಡಿನಪುರ ಸೇರಿದಾಗ ಅವನನ್ನು ಮೊದಲು ಗುರುತಿಸುವವರಲ್ಲಿ ಅಲ್ಲಿನ ಲಾಯದಲ್ಲಿದ್ದ ಅವನ ಹಳೆಯ ಕುದುರೆಗಳೂ ಸೇರಿವೆ. ಅವಕ್ಕೆ ಅವನ ರೂಪ ಬದಲಾದದ್ದು ಲೆಕ್ಕಕ್ಕೇ ಬರಲಿಲ್ಲ, ರಥದ ಸದ್ದು ಸಾಕಾಯಿತು.

ಇಷ್ಟೆಲ್ಲ ಈಗಲೇ ಯಾಕೆ ಕೇಳಬೇಕು ಎಂದರೆ, ಕಾರಣ ಮೀರತ್ತಿನಲ್ಲಿದೆ. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಅಶ್ವಾರೋಹಣ ಮೊದಲ ಬಾರಿಗೆ ಸೇರಿದಾಗ ಭಾರತಕ್ಕೆ ಮೂರು ಚಿನ್ನ ಬಂದಿದ್ದವು. 61ನೆಯ ಅಶ್ವದಳದ ರಘುಬೀರ್ ಸಿಂಗ್ ಶಹಜಾದಾ ಎಂಬ ಕುದುರೆಯ ಮೇಲೆ ಗೆದ್ದದ್ದು ಅವುಗಳಲ್ಲೊಂದು. ಮುಂದಿನ ಚಿನ್ನಕ್ಕೆ ಕಾದದ್ದು 41 ವರ್ಷ. 2023ರ ಸೆಪ್ಟೆಂಬರ್ 26ರಂದು ಹಾಂಗ್‌ಝೌನಲ್ಲಿ ಸುದೀಪ್ತಿ ಹಜೇಲಾ, ದಿವ್ಯಕೃತಿ ಸಿಂಗ್, ಹೃದಯ್ ಛೇಡಾ, ಅನುಷ್ ಅಗರ್ವಾಲಾ ಡ್ರೆಸ್ಸಾಜ್ ತಂಡ ವಿಭಾಗದಲ್ಲಿ ಗೆದ್ದರು. ಕುದುರೆ ಮತ್ತು ಸವಾರನ ನಡುವೆ ಎಳೆದಾಟ ಕಂಡರೆ ಅಂಕ ಕಳೆಯುವ ಆಟ ಅದು. ಆದರೆ ಆ ನಾಲ್ವರೂ ಹದಗೊಂಡದ್ದು ಯುರೋಪಿನಲ್ಲಿ, ಅಲ್ಲಿನ ಕುದುರೆಗಳ ಮೇಲೆ. 2018ರ ಜಕಾರ್ತಾದಲ್ಲಿ ಎರಡು ಬೆಳ್ಳಿ ಗೆದ್ದು, ಟೋಕಿಯೊ ಒಲಿಂಪಿಕ್ಸಿನಲ್ಲಿ ಸೆನ್ಯೋರ್ ಮೆಡಿಕಾಟ್ ಮೇಲೆ 23ನೆಯ ಸ್ಥಾನಕ್ಕೆ ಬಂದ ಬೆಂಗಳೂರಿನ ಫವಾದ್ ಮಿರ್ಜಾ ಕೂಡ ಜರ್ಮನಿಯಲ್ಲಿ ನೆಲೆಸಿ ತಯಾರಾದವರು. ರೋಗಭಯದಿಂದ ಭಾರತದ ಕುದುರೆಗಳಿಗೆ ಹೊರದೇಶಗಳ ಪ್ರವೇಶ ಹೆಚ್ಚುಕಡಿಮೆ ಮುಚ್ಚಿತ್ತು. ಪಳಗಿದ ಕುದುರೆಯನ್ನು ಅಲ್ಲೇ ಕೊಂಡು ಅಲ್ಲೇ ಇದ್ದು ಕಲಿಯುವಷ್ಟು ದುಡ್ಡಿದ್ದವರಿಗೆ, ಇಲ್ಲವೇ ಬೆಂಬಲಿಸುವವರಿದ್ದವರಿಗೆ ಮಾತ್ರ ಈ ಆಟ.

2025ರ ಜುಲೈನಲ್ಲಿ ಇದು ಬದಲಾಯಿತು. ಮೀರತ್‌ ದೆಹಲಿ ರಾಜಧಾನಿ ವಲಯದೊಳಗೇ ಬರುವ ಊರು. ಅಲ್ಲಿನ ಸೇನೆಯ ಪಶುವೈದ್ಯ ಕೇಂದ್ರ ಮತ್ತು ಕಾಲೇಜಿನಲ್ಲಿರುವ ಕುದುರೆಗಳ ರೋಗಮುಕ್ತ ವಲಯಕ್ಕೆ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಮನ್ನಣೆ ಸಿಕ್ಕಿತು, ದೇಶದಲ್ಲೇ ಮೊದಲನೆಯದು. ಇನ್ನು ಮುಂದೆ ಇಲ್ಲಿ ಹುಟ್ಟಿ ಇಲ್ಲೇ ಪಳಗಿದ ಕುದುರೆ ಇಲ್ಲಿಂದಲೇ ಹೊರಟು ಸ್ಪರ್ಧಿಸುವ ದಾರಿ ತೆರೆದಿದೆ. ಸಂತೋಷದ ಸುದ್ದಿ. ಆದರೆ ಇಲ್ಲಿ ಪಳಗಿಸುವುದು ಹೇಗೆ ಎಂಬ ಪ್ರಶ್ನೆಯನ್ನು ಯುರೋಪಿಗೆ ಬಿಟ್ಟು ಕೂರುವ ಅನುಕೂಲ ಇನ್ನಿಲ್ಲ.

ಯುರೋಪಿನಲ್ಲಿ ಎಲ್ಲ ಸರಿಯಿದೆ ಎಂದೇನೂ ಅಲ್ಲ. ಟೋಕಿಯೊದಲ್ಲಿ ಮಾಡರ್ನ್ ಪೆಂಟಾಥ್ಲಾನ್ ಸ್ಪರ್ಧೆಯ ಸವಾರಳಿಗೆ ಸಿಕ್ಕ ಕುದುರೆ ಅವಳಿಗೆ ಅಪರಿಚಿತ. ಪರಿಚಯಕ್ಕೆ ಆ ಆಟ ಕೊಡುತ್ತಿದ್ದದ್ದು ಕೆಲವೇ ನಿಮಿಷ. ಕುದುರೆ ನೆಗೆಯಲು ಒಪ್ಪಲಿಲ್ಲ, ಸವಾರಳು ಅತ್ತಳು, ತರಬೇತುದಾರಳು ಕುದುರೆಗೆ ಗುದ್ದಿದಳು. ಆ ದೃಶ್ಯ ಜಗತ್ತಿಗೆಲ್ಲ ಕಂಡು, ಪ್ಯಾರಿಸ್ ಮುಗಿದ ಮೇಲೆ ಆ ಆಟದಿಂದ ಕುದುರೆ ಸವಾರಿಯನ್ನೇ ತೆಗೆದುಹಾಕಿದರು. ಪ್ಯಾರಿಸ್‌ಗೆ ಕೆಲವೇ ದಿನ ಮೊದಲು, ಆರು ಒಲಿಂಪಿಕ್ ಪದಕ ಗೆದ್ದಿದ್ದ ಬ್ರಿಟನ್ನಿನ ಷಾರ್ಲಟ್ ಡುಜಾರ್ಡಿನ್ ಪಾಠ ಹೇಳುವಾಗ ಕುದುರೆಯ ಕಾಲಿಗೆ ಉದ್ದನೆಯ ಚಾಟಿಯಿಂದ ಮತ್ತೆ ಮತ್ತೆ ಬಾರಿಸಿದ ಹಳೆಯ ವಿಡಿಯೊ ಹೊರಬಂದು, ಒಂದು ವರ್ಷದ ನಿಷೇಧವಾಯಿತು. ಪದಕ ಗೆದ್ದ ಕೈ ಮೃದುವಾಗಿರಲೇಬೇಕೆಂದಿಲ್ಲ. ವ್ಯತ್ಯಾಸವೆಂದರೆ ಅಲ್ಲಿ ನೋಡಿದವರು ದೂರು ಕೊಟ್ಟರು, ದೂರಿಗೆ ಬೆಲೆಯಿತ್ತು. ಮೂತಿಪಟ್ಟಿ ಎಷ್ಟು ಬಿಗಿಯಿರಬಹುದೆಂದು ಅಳೆಯುವ ಸಾಧನವನ್ನು ಅಂತರರಾಷ್ಟ್ರೀಯ ಒಕ್ಕೂಟ 2025ರಿಂದ ಬಳಕೆಗೆ ತಂದಿದೆ. ಅಂಥದೊಂದನ್ನು ಇಲ್ಲಿನ ಪ್ರತಿ ಶಾಲೆಯ ಗೋಡೆಗೆ ನೇತುಹಾಕಿ, ಮಗುವಿನ ಕೈಗೇ ಕೊಡಬಹುದು.

ಮಗುವಿಗೆ ಕೊಡಬಹುದಾದದ್ದು ಇನ್ನೂ ಇದೆ. ಮೊದಲ ಒಂದು ತಿಂಗಳು ಜೀನು ಹತ್ತಿಸದೆ ಲಾಯದಲ್ಲಿ ಸಯೀಸನ ಜೊತೆ ಬಿಟ್ಟರೆ ಸಾಕು. ಮೈ ಉಜ್ಜುವುದು, ಗೊರಸು ಎತ್ತಿಸುವುದು, ಹಗ್ಗ ಹಿಡಿದು ನಡೆಸುವುದು, ನಿಲ್ಲಿಸುವುದು, ಮತ್ತೆ ನಡೆಸುವುದು. ಆಮೇಲೂ ಸವಾರಿಯ ಮೊದಲ ಪಾಠಗಳು ಲಗಾಮಿಲ್ಲದೆ, ಶಿಕ್ಷಕ ಉದ್ದ ಹಗ್ಗದಲ್ಲಿ ಕುದುರೆಯನ್ನು ಸುತ್ತಿಸುತ್ತಿರುವಾಗ ನಡೆಯಬೇಕು. ಮಗುವಿನ ಕೈ ತನ್ನ ಸಮತೋಲಕ್ಕೆ ಕುದುರೆಯ ಬಾಯನ್ನು ನೆಚ್ಚುವುದು ತಪ್ಪುವವರೆಗೆ. ಹಳೆಯ ಸೇನಾ ಸವಾರಿ ಶಾಲೆಗಳಲ್ಲಿ ಇದು ರೂಢಿಯಲ್ಲಿದ್ದದ್ದೇ. ಅರ್ಧ ಗಂಟೆಗೆ ಇಷ್ಟು ಎಂದು ದುಡ್ಡು ಕೊಡುವ ತಂದೆತಾಯಿ ಇದಕ್ಕೆ ಒಪ್ಪುತ್ತಾರೆಯೇ ಎಂಬುದೇ ಶಾಲೆಗಳ ಅಳುಕು. ಒಪ್ಪದವರನ್ನು ವಾಪಸು ಕಳಿಸುವ ಧೈರ್ಯ ಒಂದೆರಡು ಶಾಲೆಗಳು ತೋರಿದರೂ ಉಳಿದವು ಕಲಿಯುತ್ತವೆ.

ಘೋಡಿಯ ವಿಷಯದಲ್ಲಿ ಕೆಲಸ ಇನ್ನೂ ಸರಳ, ಏಕೆಂದರೆ ಅಲ್ಲಿ ದುಡ್ಡು ಕೊಡುವವರೇ ಪಟಾಕಿಯನ್ನೂ ತರುವವರು. ಐವತ್ತು ರೂಪಾಯಿ ದಂಡದ ಕಾನೂನು ಬದಲಾಗುವವರೆಗೆ ಕಾಯಬೇಕಿಲ್ಲ. ಹೂವಿನವರಿಗೆ, ಅಡುಗೆಯವರಿಗೆ ನೂರು ಷರತ್ತು ಹಾಕುವ ಮನೆಯವರು ಕುದುರೆಯವನಿಗೆ ಫೋನು ಮಾಡಿದಾಗ ಎರಡು ಮಾತು ಹೆಚ್ಚು ಆಡಬಹುದು. ನಯವಾದ ಕಡಿವಾಣವಿದ್ದರೆ ಮಾತ್ರ ಕುದುರೆ ಬೇಕು, ಅದಕ್ಕೆ ಇನ್ನಷ್ಟು ದುಡ್ಡು ಕೊಡುತ್ತೇವೆ. ಕುದುರೆ ಇರುವಷ್ಟು ಹೊತ್ತು ಪಟಾಕಿ ಇಲ್ಲ, ಡಿಜೆ ಗಾಡಿ ಐವತ್ತು ಹೆಜ್ಜೆ ಮುಂದಿರುತ್ತದೆ. ದೆಹಲಿಯಲ್ಲಿ ಎರಡು ಮೂರು ತಲೆಮಾರು ಕಳೆದ ಕನ್ನಡದ ಮನೆಗಳಲ್ಲೂ ಈಗ ವರ ಘೋಡಿ ಏರುವುದುಂಟು, ಬೀಗರ ಒತ್ತಾಯಕ್ಕೋ ಫೋಟೊದ ಆಸೆಗೋ. ವರಪೂಜೆಗೆ ಕಾರಿನಲ್ಲಿ ಬಂದಿಳಿದರೆ ಶಾಸ್ತ್ರಕ್ಕೇನೂ ಕೊರತೆಯಿಲ್ಲ. ಏರಲೇಬೇಕೆಂದಿದ್ದರೆ, ಮೆರವಣಿಗೆ ಹೊರಡುವ ಮೊದಲು ಒಬ್ಬರು ಕುದುರೆಯ ಬಳಿ ಹೋಗಿ, ಅದನ್ನು ಹಿಡಿದು ನಿಂತವನಿಗೆ ಹೇಳಿ, ತುಟಿಯ ಅಂಚನ್ನು ಸ್ವಲ್ಪ ಎತ್ತಿ ಒಳಗೇನಿದೆ ಎಂದು ನೋಡಬಹುದು.